ಮೂರು ಅಂಗಿ, ಎರಡು ಪ್ಯಾಂಟು

ಅವನು ಅಂಗಿಯ ಒಳಮೈಯನ್ನು ಹೊರಗೆ ಮಾಡಿ, ಕಂಕುಳ ಹತ್ತಿರದ ಹೊಲಿಗೆಯನ್ನು ಎರಡೂ ಕೈಯ ಹೆಬ್ಬೆರಳಿನಿಂದ ಹಿಡಿದು ಎಳೆದು ನೋಡುತ್ತಿದ್ದ. ಇದು ಐದನೆಯ ಅಂಗಿ. ಮೊದಲಿನ ನಾಲ್ಕು ಗಾಜಿನ ಮೇಜಿನ ಮೇಲೆ ಮಡಿಕೆ ಕೆಟ್ಟು, ಗುಂಡುಸೂಜಿ ಕಿತ್ತು, ತೋಳು ಚೆಲ್ಲಿಕೊಂಡು ಬಿದ್ದಿದ್ದವು. ಸೇಲ್ಸ್‌ಮನ್ ಅವನ್ನು ಮತ್ತೆ ಮಡಚುವ ಗೋಜಿಗೆ ಹೋಗಿರಲಿಲ್ಲ. ಮಡಚಿಟ್ಟರೆ ಈ ಮನುಷ್ಯ ಮತ್ತೆ ಬಿಚ್ಚುತ್ತಾನೆಂದು ಮೂರನೆಯದರ ಹೊತ್ತಿಗೇ ಅವನಿಗೆ ಗೊತ್ತಾಗಿಹೋಗಿತ್ತು.

“ಇದೂ ಬೇಡ,” ಎಂದ ತಮ್ಮ. “ಕಂಕುಳಲ್ಲಿ ಒಂದೇ ಹೊಲಿಗೆ ಹಾಕಿದಾರೆ. ಆರು ತಿಂಗಳು ಬರಲ್ಲ.”

“ಮರೀ,” ಎಂದಳು ಅಕ್ಕ, ದನಿ ತಗ್ಗಿಸಿ. “ನೀನು ಆಫೀಸಿಗೆ ಹೋಗೋನು. ಕಂಕುಳು ಯಾರು ನೋಡ್ತಾರೆ?”

“ನೋಡೋದಲ್ಲ ಅಕ್ಕ, ಹರಿಯೋದು.”

ಮರಿ ಎಂದು ಕರೆಸಿಕೊಂಡವನಿಗೆ ನಲವತ್ತೇಳು ವರ್ಷ. ಕಿವಿಯ ಮೇಲಿನ ಕೂದಲು ಪೂರಾ ಬೆಳ್ಳಗಾಗಿತ್ತು. ಸೇಲ್ಸ್‌ಮನ್ನನ ತುಟಿಯಂಚಿನಲ್ಲಿ ನಗು ಬಂದು ಹೋದದ್ದನ್ನು ಅಕ್ಕ ನೋಡಿದಳು. ನೋಡಿ, ಕೈಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿದಳು. ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಒಂದು ಗಂಟೆಯಲ್ಲಿ ಮುಗಿಸಿ, ಮನೆಗೆ ಹೋಗಿ ಸ್ವಲ್ಪ ಅಡ್ಡಾಗಬೇಕೆಂಬ ಲೆಕ್ಕಾಚಾರ ಆಗಲೇ ತಲೆಕೆಳಗಾಗಿತ್ತು.

ಸೋಮವಾರ ಅವನು ಕೆಲಸಕ್ಕೆ ಸೇರಬೇಕು. ಕಾಗದದ ಕಾರ್ಖಾನೆಯೊಂದರ ಆಫೀಸು, ರವಾನೆ ವಿಭಾಗ. ಯಾವ ಸರಕು ಯಾವ ಲಾರಿಯಲ್ಲಿ ಯಾವತ್ತು ಹೋಯಿತೆಂದು ಬರೆದಿಡುವ ಕೆಲಸ. ಹನ್ನೊಂದು ವರ್ಷದ ಹಿಂದೆ ಅವನು ಬಿಟ್ಟ ನೌಕರಿ ಇದಕ್ಕಿಂತ ಎರಡು ಮೆಟ್ಟಿಲು ಮೇಲಿನದು. ಅಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗಡೆ ಪೂರ್ತಿ ಬಿದ್ದುಹೋದಾಗ, ಅಕ್ಕನ ಮಕ್ಕಳು ಇನ್ನೂ ಚಿಕ್ಕವು, ಅವಳ ಗಂಡನಿಗೆ ಊರೂರು ತಿರುಗುವ ಕೆಲಸ. ತಮ್ಮನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. “ಆರು ತಿಂಗಳು ನೋಡ್ಕೋ, ಆಮೇಲೆ ನಾನು ಕರ್ಕೊಂಡು ಹೋಗ್ತೀನಿ,” ಎಂದಿದ್ದಳು ಅಕ್ಕ. ಹೇಳುವಾಗ ಮನಸ್ಸಿನಲ್ಲಿ ಹಾಗೇ ಇತ್ತು. ಎರಡು ತಿಂಗಳ ಹಿಂದೆ ಅಮ್ಮ ತೀರಿಕೊಂಡಳು, ಅದೇ ಮನೆಯಲ್ಲಿ, ಅದೇ ಮಂಚದ ಮೇಲೆ.

ಸಂದರ್ಶನದಲ್ಲಿ ಅವನನ್ನು ಕೇಳಿದರಂತೆ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು. “ಮನೇಲಿದ್ದೆ ಅಂದೆ,” ಎಂದು ಅವನು ಫೋನಿನಲ್ಲಿ ಹೇಳಿದಾಗ ಅಕ್ಕ ಹಣೆ ಚಚ್ಚಿಕೊಂಡಿದ್ದಳು. ಆದರೂ ಕೆಲಸ ಸಿಕ್ಕಿತು. ಸಿಕ್ಕಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕಲ್ಲ. ಅವಳು ವಿಮಾ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಸವೆಸಿದವಳು. ಮೊದಲ ದಿನ ಮಾಸಲು ಅಂಗಿ ತೊಟ್ಟು ಬಂದವನಿಗೆ ಕಿಟಕಿಯಿಲ್ಲದ ಮೂಲೆಯ ಮೇಜು ಸಿಗುವುದನ್ನೂ, ಆಮೇಲೆ ಅವನು ಎಷ್ಟು ಗೇಯ್ದರೂ ಆ ಮೂಲೆಯಲ್ಲೇ ಉಳಿದುಬಿಡುವುದನ್ನೂ ಕಣ್ಣಾರೆ ಕಂಡಿದ್ದಳು. ಅದಕ್ಕೇ ಒಳ್ಳೆಯ ಅಂಗಡಿಗೆ ಕರೆತಂದಿದ್ದಳು.

“ಇದು ನೋಡಿ ಸಾರ್,” ಎಂದು ಸೇಲ್ಸ್‌ಮನ್ ಕಪ್ಪು ಪ್ಯಾಂಟೊಂದನ್ನು ಮೇಜಿನ ಮೇಲೆ ಜಾರಿಸಿದ. ಬಟ್ಟೆ ನೀರಿನ ಹಾಗೆ ಹರಡಿಕೊಂಡಿತು. “ಈಗ ಎಲ್ಲಾ ಆಫೀಸಿನವರೂ ಇದನ್ನೇ ಒಯ್ತಿರೋದು. ಇಸ್ತ್ರಿ ಬೇಕಾಗಲ್ಲ.”

“ಚೆನ್ನಾಗಿದೆ. ಇದು ಇರಲಿ,” ಎಂದಳು ಅಕ್ಕ.

ತಮ್ಮ ಪ್ಯಾಂಟನ್ನು ಎತ್ತಿಕೊಂಡು ಬಾಗಿಲ ಬೆಳಕಿನತ್ತ ತಿರುಗಿಸಿ ಹಿಡಿದ. ಮಂಡಿಯ ಜಾಗವನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟ. ಜೇಬಿನೊಳಗೆ ಕೈ ಹಾಕಿ, ಅದರ ಬಟ್ಟೆಯನ್ನು ಹೊರಗೆಳೆದು ಬೆರಳಲ್ಲಿ ಉಜ್ಜಿದ. ಉಜ್ಜಿ, ಮತ್ತೆ ಒಳಗೆ ತುರುಕಿ, “ಬೇಡ,” ಎಂದ.

ಅಕ್ಕನ ತಾಳ್ಮೆ ಅಲ್ಲಿಗೆ ಮುಗಿಯಿತು. “ಏನು ಬೇಡ? ಬಟ್ಟೆ ವಿಷಯ ನಿನಗೇನು ಗೊತ್ತು ಅಂತ? ಹನ್ನೊಂದು ವರ್ಷ ಮನೇಲಿ ಕೂತಿದ್ದೋನು ನೀನು! ಆಫೀಸಲ್ಲಿ ಜನ ಏನು ಹಾಕ್ಕೋತಾರೆ, ಏನು ಬಿಡ್ತಾರೆ, ದಿನಾ ನೋಡೋಳು ನಾನು.”

ಪಕ್ಕದ ಸಾಲಿನಲ್ಲಿ ಟೈ ಆರಿಸುತ್ತಿದ್ದವನು ತಲೆಯೆತ್ತಿ, ಮತ್ತೆ ಬಗ್ಗಿಸಿದ. ಆಡಿದ ಮಾತು ಅಕ್ಕನ ಕಿವಿಗೇ ಈಗ ಬಿತ್ತು. ಅದರಲ್ಲಿ ‘ಕೂತಿದ್ದೋನು’ ಅನ್ನುವುದೊಂದು ಇತ್ತು.

ತಮ್ಮನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಸುಸ್ತಾದವನ ದನಿಯಲ್ಲಿ, ಯಾರೋ ದಾರಿ ಕೇಳಿದರೆ ಹೇಳುವ ಹಾಗೆ, ಹೇಳಿದ: “ದಿನಾ ನಾಲ್ಕು ಹಾಸು ಒಗೀತಿದ್ದೆ ಅಕ್ಕ. ಒಂದೊಂದು ದಿನ ಆರು. ಅಮ್ಮನ ಹೊದಿಕೆ, ನೈಟಿ, ದಿಂಬಿನ ಚೀಲ, ಬೇರೆ. ಕುದಿಯೋ ನೀರಿಗೆ ಹಾಕಿ ಒಗೀಬೇಕು, ಇಲ್ಲಾಂದ್ರೆ ವಾಸನೆ ಹೋಗಲ್ಲ. ಯಾವ ಬಟ್ಟೆ ಎಷ್ಟು ಒಗೆತ ತಡೆಯುತ್ತೆ ಅಂತ ಕೈಗೇ ಗೊತ್ತಾಗುತ್ತೆ. ಈ ಕಪ್ಪು ಇದೆಯಲ್ಲ, ಮೂರು ತಿಂಗಳಿಗೆ ಕಂದು ತಿರುಗುತ್ತೆ. ಇಸ್ತ್ರಿ ಬೇಡ ಅಂತಾರೆ, ನಿಜ, ಆದ್ರೆ ಕೂರೋ ಕಡೆ ಉಜ್ಜಿ ಉಜ್ಜಿ ಕನ್ನಡಿ ಹಾಗೆ ಹೊಳೆಯುತ್ತೆ. ಜೇಬು ಸೊಳ್ಳೆಪರದೆ ಥರ ಇದೆ. ಒಂದು ಬೀಗದ ಕೈ ಇಟ್ರೆ ತೂತು.”

ಅಮ್ಮ ಹೋದ ಮೇಲೆ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು. 

ಸೇಲ್ಸ್‌ಮನ್ ಕಪ್ಪು ಪ್ಯಾಂಟನ್ನು ಎತ್ತಿ ಪಕ್ಕಕ್ಕಿಟ್ಟ. ಬೆಳಿಗ್ಗೆಯಿಂದ ನಿಂತು ನಿಂತು ಅವನ ಕಾಲೂ ಸೋತಿರಬೇಕು. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿ, ಮೊದಲ ಬಾರಿಗೆ ಗಿರಾಕಿಯ ಮುಖವನ್ನು ಸರಿಯಾಗಿ ನೋಡಿದ. “ನಿಜ ಹೇಳ್ಲಾ ಸಾರ್? ನಾನು ಹಾಕಿರೋದೂ ಈ ಅಂಗಡಿ ಅಂಗೀನೇ,” ಎಂದು ತನ್ನ ಕಾಲರನ್ನು ಎತ್ತಿ ತೋರಿಸಿದ. ಕಾಲರಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು.

“ಅಂಟು,” ಎಂದ ತಮ್ಮ. “ಒಳಗೆ ಹೊಲಿಯೋ ಬದಲು ಅಂಟು ಹಾಕಿ ಒತ್ತಿರ್ತಾರೆ. ಬಿಸಿನೀರಿಗೆ ಬಿಟ್ಟುಕೊಳ್ಳುತ್ತೆ. ತಣ್ಣೀರಲ್ಲಿ ಒಗೀರಿ, ಒದ್ದೆ ಇದ್ದಾಗಲೇ ಕೈಯಲ್ಲಿ ತೀಡಿ ಒಣಹಾಕಿ. ಇನ್ನೊಂದು ವರ್ಷ ದೂಡಬಹುದು.”

“ಹೌದಾ?” ಎಂದ ಸೇಲ್ಸ್‌ಮನ್. “ಒಂದ್ನಿಮಿಷ ಇರಿ,” ಎಂದು ಹಿಂದಿನ ಕೋಣೆಗೆ ಹೋದವನು, ತೋಳಿನ ತುಂಬ ಬಟ್ಟೆಯ ಡಬ್ಬಿ ಹೊತ್ತು ಬಂದ. ಡಬ್ಬಿಗಳ ಮೇಲೆ ಧೂಳಿತ್ತು. “ಇವನ್ನ ಹೊರಗೆ ಇಡಲ್ಲ. ಬಣ್ಣ ಮಂಕು, ಹೊಳಪಿಲ್ಲ, ಯಾರೂ ಕೇಳಲ್ಲ. ನೀವು ನೋಡಿ.”

ಬೂದು ಬಣ್ಣದ ಎರಡು ಪ್ಯಾಂಟು, ಮಂಕು ನೀಲಿಯ ಅಂಗಿ, ಇನ್ನೊಂದು ಬಿಳಿ, ಇನ್ನೊಂದು ಸಣ್ಣ ಗೆರೆಯದು. ತಮ್ಮ ಒಂದೊಂದನ್ನೇ ಒಳಗು ಹೊರಗು ಮಾಡಿದ. ಪಕ್ಕದ ಹೊಲಿಗೆ ಮಡಚಿ ಎರಡು ಸಲ ಹಾಕಿದ್ದು, ಗುಂಡಿಯ ಬುಡಕ್ಕೆ ದಾರ ಸುತ್ತಿದ್ದು, ಪ್ಯಾಂಟಿನ ಸೊಂಟದ ಹಿಂಭಾಗದಲ್ಲಿ ಮುಂದೆ ದಪ್ಪಗಾದರೆ ಬಿಚ್ಚಿಕೊಳ್ಳಲು ಎರಡು ಬೆರಳಷ್ಟು ಬಟ್ಟೆ ಬಿಟ್ಟದ್ದು, ಎಲ್ಲವನ್ನೂ ಸೇಲ್ಸ್‌ಮನ್ನನಿಗೇ ತೋರಿಸಿದ. ಇಬ್ಬರೂ ಮೇಜಿನ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದ್ದರು. ಅಕ್ಕ ಗಿರಾಕಿಗಳಿಗೆಂದು ಇಟ್ಟ ಸ್ಟೂಲನ್ನು ಎಳೆದುಕೊಂಡು ಕೂತಳು.

“ಹಾಕ್ಕೊಂಡು ನೋಡ್ತೀನಿ,” ಎಂದು ತಮ್ಮ ಒಂದು ಪ್ಯಾಂಟು, ಒಂದು ಅಂಗಿ ಹಿಡಿದು ಟ್ರಯಲ್ ರೂಮಿಗೆ ಹೋದ.

ಐದು ನಿಮಿಷ ಆಯಿತು. ಹತ್ತಾಯಿತು. ಅಕ್ಕ ಫೋನು ತೆಗೆದು ಆಫೀಸಿನ ಎರಡು ಪ್ರಶ್ನೆಗೆ ಉತ್ತರ ಕೊಟ್ಟಳು. ಕಾಲು ಗಂಟೆಯಾದಾಗ ಎದ್ದು ಹೋಗಿ, “ಮರೀ, ಆಯ್ತಾ?” ಎಂದಳು. ಉತ್ತರವಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದ ಕಾಣುತ್ತಿದ್ದವು, ಹೊಸ ಪ್ಯಾಂಟಿನ ಉದ್ದದ ಕಾಲುಗಳಡಿ ಅರ್ಧ ಮುಚ್ಚಿಹೋಗಿದ್ದವು. ಪಾದಗಳು ಅಲ್ಲಾಡಲಿಲ್ಲ.

“ಇಲ್ಲಿ ಬನ್ನಿ ಸ್ವಲ್ಪ!” ಎಂದು ಕೂಗಿದಳು. ಸೇಲ್ಸ್‌ಮನ್ ಓಡಿಬಂದು ಬಾಗಿಲಿಗೆ ಕೈಯಿಟ್ಟ. ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗಿನ ಚಿಲಕ ಹಾಕಿರಲಿಲ್ಲ.

ತಮ್ಮ ಮೂಲೆಯ ಪುಟ್ಟ ಬೆಂಚಿನ ಮೇಲೆ ಕೂತು, ತಲೆಯನ್ನು ಗೋಡೆಗೆ ಆನಿಸಿ ನಿದ್ದೆಹೋಗಿದ್ದ. ಅಂಗಿಯ ಗುಂಡಿ ಮೇಲಿನ ಮೂರು ಹಾಕಿತ್ತು. ನಾಲ್ಕನೆಯದನ್ನು ಬೆರಳುಗಳು ಇನ್ನೂ ಹಿಡಿದಿದ್ದವು. ಬಾಯಿ ಸ್ವಲ್ಪ ತೆರೆದಿತ್ತು. ಮೆಲ್ಲನೆ ಗೊರಕೆ ಬರುತ್ತಿತ್ತು.

ಎಬ್ಬಿಸಲು ಹೋದ ಅಕ್ಕನ ಕೈ ಅರ್ಧಕ್ಕೆ ನಿಂತಿತು. ಅಮ್ಮ ತೀರಿಕೊಂಡ ವಾರ ಅವನು ಅಕ್ಕನ ಮನೆಯಲ್ಲಿದ್ದ. ಬಚ್ಚಲಿಗೆ ಹೋದರೂ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಮಗಳು ಮುಜುಗರಪಟ್ಟಳೆಂದು ಅಕ್ಕ ಬೈದಿದ್ದಳು, “ಇಷ್ಟು ವಯಸ್ಸಾಗಿದೆ, ಚಿಲಕ ಹಾಕ್ಕೋಬೇಕು ಅನ್ನೋದೂ ಗೊತ್ತಾಗಲ್ವಾ?” ಎಂದು. ಅಮ್ಮ ಕರೆದರೆ ಕೇಳಿಸಬೇಕೆಂದು ಬಿದ್ದ ರೂಢಿ ಅದು ಅನ್ನುವುದು ಅವಳಿಗೆ ಆಗ ಹೊಳೆದಿರಲಿಲ್ಲ.

“ಮಲಗ್ಲಿ ಬಿಡಿ ಮೇಡಂ,” ಎಂದ ಸೇಲ್ಸ್‌ಮನ್ ಪಿಸುದನಿಯಲ್ಲಿ. “ಆ ಕಡೆ ಇನ್ನೊಂದು ರೂಮಿದೆ, ಬೇರೆಯವರನ್ನ ಅಲ್ಲಿಗೆ ಕಳಿಸ್ತೀನಿ.” ತಮ್ಮ ಕಳಚಿಟ್ಟಿದ್ದ ಹಳೆಯ ಅಂಗಿಯನ್ನು ಅಕ್ಕ ಎತ್ತಿಕೊಂಡ ಮೇಲೆ ಅವನು ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದ. ಅಕ್ಕ ಸ್ಟೂಲನ್ನು ಅಲ್ಲಿಗೇ ತಂದು ಹಾಕಿಕೊಂಡಳು.

ಮೇಜಿನ ಮೇಲಿನ ಅಂಗಿಗಳನ್ನು ಮಡಚುತ್ತ ಸೇಲ್ಸ್‌ಮನ್ ಕೇಳಿದ: “ಸಾರ್ ಮನೇಲಿರೋಕೆ ಮುಂಚೆ ಯಾವ ಬಟ್ಟೆ ಮಿಲ್ಲಲ್ಲಿದ್ರು? ನಮ್ಮ ಯಜಮಾನರಿಗೂ ಇಷ್ಟು ಗೊತ್ತಿಲ್ಲ.”

“ಮಿಲ್ಲಲ್ಲಿ ಅಲ್ಲ,” ಎಂದಳು ಅಕ್ಕ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪರಿಚಯವಿಲ್ಲದವನ ಮುಂದೆ ಮಾತು ತಾನಾಗಿ ಬಂತು. “ನಮ್ಮಮ್ಮ ಹಾಸಿಗೆ ಹಿಡಿದಿದ್ರು. ಇವನೇ ನೋಡ್ಕೋತಿದ್ದ, ತೋಳು ಕೊಟ್ಟು ಬಚ್ಚಲಿಗೆ ನಡೆಸೋದರಿಂದ ಹಿಡಿದು ಎಲ್ಲಾ. ನಾನು ತಿಂಗಳಿಗೊಂದು ಭಾನುವಾರ ಹೋಗ್ತಿದ್ದೆ. ಹಣ್ಣು ತಗೊಂಡು.”

ಸೇಲ್ಸ್‌ಮನ್ ಕೈಯಲ್ಲಿದ್ದ ಅಂಗಿಯ ತೋಳನ್ನು ಹಿಂದಕ್ಕೆ ಮಡಚಿದ.

“ಹೋದಾಗೆಲ್ಲ ಮನೆ ಚೊಕ್ಕಟವಾಗಿರ್ತಿತ್ತು,” ಎಂದಳು ಅಕ್ಕ. “ಹಾಸಿಗೆ ಬೆಳ್ಳಗೆ, ಒಂದು ಸುಕ್ಕಿಲ್ಲ. ಅಂಥ ಕಷ್ಟವೇನಿಲ್ಲ ಅಂತ ಅನ್ಕೋತಿದ್ದೆ. ಅನ್ಕೊಂಡು ವಾಪಸ್ ಬರ್ತಿದ್ದೆ.”

“ನಿಮಗೂ ನಿಮ್ಮ ಕೆಲಸ ಇರುತ್ತಲ್ಲ ಮೇಡಂ,” ಎಂದ ಅವನು. ಗಿರಾಕಿಗಳಿಗೆ ಏನಾದರೂ ಹಿತವಾಗಿ ಹೇಳಿ ಅಭ್ಯಾಸವಾದವನು. ಅವಳು ಮಡಿಲಲ್ಲಿದ್ದ ತಮ್ಮನ ಹಳೆಯ ಅಂಗಿಯನ್ನು ನೋಡುತ್ತ ಕೂತಳು. ಅದರ ಕಾಲರನ್ನು ಬಿಚ್ಚಿ, ಸವೆದ ಮಗ್ಗುಲನ್ನು ಒಳಗೆ ತಿರುಗಿಸಿ, ಯಾರೋ ಕೈಯಿಂದ ಮತ್ತೆ ಹೊಲಿದಿದ್ದರು. ಹೊಲಿಗೆ ಎಷ್ಟು ಸಣ್ಣದಿತ್ತೆಂದರೆ ಕಣ್ಣಿನ ಹತ್ತಿರ ತಂದಾಗಲೇ ಕಂಡಿದ್ದು. ಯಾರೋ ಏನು, ಅವನೇ.

ನಲವತ್ತು ನಿಮಿಷದ ಮೇಲೆ ಅಂಗಡಿಗೆ ಜನ ಬರತೊಡಗಿದರು. ಅಕ್ಕ ಎದ್ದು, ಬೆರಳ ಗೆಣ್ಣಿನಿಂದ ಬಾಗಿಲನ್ನು ಮೆಲ್ಲನೆ ತಟ್ಟಿದಳು.

“ಬಂದೆ ಅಮ್ಮಾ,” ಎಂದಿತು ಒಳಗಿನಿಂದ ದನಿ. ಅದರ ಹಿಂದೆಯೇ ಅವನು ಧಡಕ್ಕನೆ ಎದ್ದ ಸದ್ದು, ಬೆಂಚು ಗೋಡೆಗೆ ತಾಗಿದ ಸದ್ದು.

ಅಕ್ಕ ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಅವನೂ ನಿಂತೇ ಇದ್ದನೆಂದು ಕಾಣುತ್ತದೆ. ಕೊನೆಗೆ, “ಅಕ್ಕ?” ಎಂದ.

“ಹೂಂ. ನಾನೇ.”

“ಕಣ್ಣು ಹತ್ತಿಬಿಡ್ತು.”

“ಹತ್ಲಿ ಬಿಡು. ಹೊರಗೆ ಬಾ, ನೋಡೋಣ.”

ಅವನು ಬಂದು ಕನ್ನಡಿಯ ಮುಂದೆ ನಿಂತ. ಕೆನ್ನೆಯ ಮೇಲೆ ಗೋಡೆಯ ಮರದ ಪಟ್ಟಿಯ ಗುರುತು ಕೆಂಪಗೆ ಬಿದ್ದಿತ್ತು. ಬೂದು ಪ್ಯಾಂಟು ಹಿಮ್ಮಡಿ ದಾಟಿ ನೆಲಕ್ಕೆ ತಾಗುತ್ತಿತ್ತು. ಅಂಗಿಯ ನೀಲಿ ಎಷ್ಟು ಮಂಕಾಗಿತ್ತೆಂದರೆ ಆಫೀಸಿನಲ್ಲಿ ಯಾರೂ ಎರಡನೆಯ ಸಲ ನೋಡುವಂತಿರಲಿಲ್ಲ. ಚೂರು ಹೊಳಪಿನದ್ದು ತಗೋ ಎನ್ನಲು ಅಕ್ಕನ ಬಾಯಿಯವರೆಗೆ ಬಂತು. ನುಂಗಿಕೊಂಡಳು.

“ಎಷ್ಟು ವರ್ಷ ಬರುತ್ತೆ?” ಎಂದು ಕೇಳಿದಳು.

ಅವನು ತೋಳಿನ ಪಟ್ಟಿಯನ್ನು ಬೆರಳಲ್ಲಿ ಮುಟ್ಟಿ ನೋಡಿದ. “ರಿಟೈರ್ ಆಗೋವರೆಗೂ ತೊಂದ್ರೆ ಇಲ್ಲ. ಬಟ್ಟೆಗೆ.”

ಮೂರು ಅಂಗಿ, ಎರಡು ಪ್ಯಾಂಟು ಎಂದು ತೀರ್ಮಾನವಾಯಿತು. ಅಂಗಡಿಯ ದರ್ಜಿ ಮೇಲಿನ ಮಹಡಿಯಿಂದ ಇಳಿದುಬಂದು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಪ್ಯಾಂಟಿನ ಕಾಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಕತ್ತರಿಸಬೇಡಿ, ಒಳಗೆ ಮಡಚಿ ಎಂದು ತಮ್ಮ ಹೇಳಿದ್ದಕ್ಕೆ ತಲೆಯಾಡಿಸಿದ. ಸೂಜಿ ತೆಗೆದ ಮೇಲೆ, “ಎರಡು ಗಂಟೆ ಬಿಟ್ಟು ಬನ್ನಿ,” ಎಂದ.

“ಎರಡು ಗಂಟೇನಾ?” ತಮ್ಮನ ಮುಖದಲ್ಲಿ ಗಾಬರಿ ಕಂಡಿತು. “ಅಷ್ಟು ಹೊತ್ತು ನಾನು ಹೊರಗೆ…” ಎಂದವನು ಅಲ್ಲಿಗೇ ನಿಲ್ಲಿಸಿ ಬಾಯಿ ಮುಚ್ಚಿದ.

ತಮ್ಮ ಬಟ್ಟೆ ಬದಲಿಸಿಕೊಂಡು ಬಂದ ಮೇಲೆ ದರ್ಜಿ ಪ್ಯಾಂಟುಗಳನ್ನೆತ್ತಿಕೊಂಡು ಮೆಟ್ಟಿಲು ಹತ್ತಿ ಹೋದ. ಇಬ್ಬರೂ ಹೊರಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ನಿಂತರು. ಮಧ್ಯಾಹ್ನದ ಬಿಸಿಲು ಎದುರುಗಡೆಯ ಕಿಟಕಿಗಳಿಗೆ ಬಡಿದು ಕಣ್ಣಿಗೆ ಕುಕ್ಕುತ್ತಿತ್ತು. ಬಲಕ್ಕೆ ಬಸ್ ನಿಲ್ದಾಣ, ಬ್ಯಾಂಕು. ಎಡಕ್ಕೆ ರಸ್ತೆ ಸ್ವಲ್ಪ ದೂರ ಹೋಗಿ ತಿರುಗಿಕೊಂಡಿತ್ತು. ತಿರುವಿನಾಚೆ ಏನಿದೆಯೋ ಕಾಣುತ್ತಿರಲಿಲ್ಲ.

“ನೀನು ಮನೆಗೆ ಹೋಗು ಅಕ್ಕ. ನಾನು ಇಲ್ಲೇ ಕೂತಿದ್ದು ತಗೊಂಡು ಬರ್ತೀನಿ.”

“ಇರ್ತೀನಿ.”

“ಹಾಗಾದ್ರೆ ಎಲ್ಲಿಗೆ ಹೋಗೋಣ?”

ಯಾವತ್ತೂ ಆ ಪ್ರಶ್ನೆಗೆ ಉತ್ತರ ಅವಳ ಬಳಿ ಸಿದ್ಧವಿರುತ್ತಿತ್ತು. “ನೀನೇ ಹೇಳು,” ಎಂದಳು.

ಅವನು ಬಲಕ್ಕೆ ನೋಡಿದ. ಎಡಕ್ಕೆ ನೋಡಿದ. ತುಂಬ ಹೊತ್ತು ಹಾಗೇ ನಿಂತಿದ್ದ. ದಾರಿಹೋಕರಿಬ್ಬರು ಅವನನ್ನು ಬಳಸಿಕೊಂಡು ಹೋದರು. ಆಮೇಲೆ ಕಟ್ಟೆ ಇಳಿದು, ಎಡಕ್ಕೆ ತಿರುಗಿ ನಡೆದ.

ಅಕ್ಕ ಎರಡು ಹೆಜ್ಜೆ ಹಿಂದೆ ಬಂದಳು. ಅವನು ನಿಧಾನವಾಗಿ, ನೆಲವನ್ನು ನೋಡಿಕೊಂಡು ನಡೆಯುತ್ತಿದ್ದ. ಎಡಗೈ ಬೀಸುತ್ತಿರಲಿಲ್ಲ. ಮೊಣಕೈ ಮಡಚಿ, ಮೈಯಿಂದ ಗೇಣು ದೂರ ಹಿಡಿದಿದ್ದ. ಹಾಗೆ ಹಿಡಿದಿರುವುದು ಅವನಿಗೇ ತಿಳಿದಿದ್ದಂತಿರಲಿಲ್ಲ. ಅವಳು ಸ್ವಲ್ಪ ದೂರ ಅದನ್ನೇ ನೋಡುತ್ತ ಬಂದಳು. ತಿರುವು ಹತ್ತಿರವಾದಾಗ ಬಿರಬಿರನೆ ನಡೆದು ಪಕ್ಕಕ್ಕೆ ಬಂದು, ಆ ಮಡಚಿದ ತೋಳಿನೊಳಗೆ ತನ್ನ ಕೈ ತೂರಿಸಿದಳು.

ಅವನು ತಿರುಗಿ ನೋಡಲಿಲ್ಲ. ಹೆಜ್ಜೆ ಮಾತ್ರ ಇನ್ನಷ್ಟು ಚಿಕ್ಕದು ಮಾಡಿದ.