ಅಕ್ಕನ ಹನ್ನೆರಡು ಶೀಟು

ಸ್ಟೂಲಿನ ಮೇಲೆ ನಿಂತು ಶ್ರೀಧರ್ ಕೋಲಿನ ತುದಿಯಿಂದ ಟಾರ್ಪಾಲಿನ ಹೊಟ್ಟೆಯನ್ನು ಮೇಲಕ್ಕೆ ಒತ್ತಿದ. ರಾತ್ರಿಯ ಮಳೆನೀರು ಒಂದು ಸಲ ಹೊಯ್ದಾಡಿ, ಸೂರಿನ ಕಡೆ ಸರಿದು, ಅಂಗಳಕ್ಕೆ ದೊಪ್ಪೆಂದು ಬಿತ್ತು. ಸ್ಟೂಲಿನಿಂದ ಎರಡು ಮಾರು ದೂರದಲ್ಲಿ, ನಡುಮನೆಯ ಚಾಪೆಯ ಮೇಲೆ, ಅಕ್ಕನನ್ನು ಮಲಗಿಸಿದ್ದರು.

"ನಿಧಾನ ಕಣಪ್ಪ," ಅಂದಳು ತಲೆದೆಸೆಯಲ್ಲಿ ಕೂತಿದ್ದ ಪಕ್ಕದ ಮನೆಯ ಆಂಜಿನಮ್ಮ. "ಅದೇ ಸ್ಟೂಲು ಅದು. ಒಂದು ಕಾಲು ಗಿಡ್ಡ ಐತೆ."

ಶ್ರೀಧರನಿಗೆ ಗೊತ್ತಿತ್ತು. ಹನ್ನೆರಡು ದಿನದ ಹಿಂದೆ ಅಕ್ಕ ಭಾರತಮ್ಮ ಇದೇ ಸ್ಟೂಲು ಹತ್ತಿ, ಇದೇ ಕೋಲು ಹಿಡಿದು, ಹೀಗೇ ನಿಂತ ನೀರನ್ನು ತಳ್ಳಲು ಹೋಗಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದು ಕೋಲಾರದ ಆಸ್ಪತ್ರೆಯಲ್ಲಿ ಮಲಗಿದವಳು ಎದೆಯಲ್ಲಿ ಕಫ ಕಟ್ಟಿಕೊಂಡು ನಿನ್ನೆ ಮಧ್ಯಾಹ್ನ ಹೋದಳು. ಒಂದು ಚದರ ಮೀಟರಿನ ಮೇಲೆ ಒಂದು ಸೆಂಟಿಮೀಟರು ನೀರು ನಿಂತರೆ ಹತ್ತು ಕಿಲೋ ತೂಕ. ಬಿ.ಎಸ್ಸಿ. ಓದಿದ ಅವನಿಗೆ ಆ ಲೆಕ್ಕ ಟಾರ್ಪಾಲು ಕಟ್ಟಿದ ದಿನವೇ ಹೊಳೆದಿತ್ತು. ಹಗ್ಗ ಬಿಗಿಯಲು ಆಗ ಹೊತ್ತಿರಲಿಲ್ಲ.

ಜಗಲಿಯ ಮೇಲೆ ಊರ ಹಿರಿಯ ವೆಂಕಟರಾಯಪ್ಪ ಮಾತು ತೆಗೆದಿದ್ದ. "ಇಪ್ಪತ್ತು ವರ್ಷ ಇಸ್ಕೂಲಲ್ಲಿ ಬಿಸಿಯೂಟ ಬೇಯಿಸಿದ್ಳು. ಈ ಊರಲ್ಲಿ ಮೀಸೆ ಬಂದಿರೋ ಹೈದರೆಲ್ಲ ಅವಳ ಸಾರು ತಿಂದೋರೇ."

"ನೀನೂ ತಿಂದೋನೇ ತಗೋ," ಅಂದಳು ಆಂಜಿನಮ್ಮ ಒಳಗಿನಿಂದ. "ಕಮಿಟಿ ಮೆಂಬರ್ರು, ರುಚಿ ನೋಡ್ಬೇಕು ಅಂತ ದಿನಾ ತಟ್ಟೆ ಹಿಡ್ಕೊಂಡು ಹೋಗ್ತಿದ್ದೆ."

"ದಿನಾ ಎಲ್ಲಿ ಅಮ್ಮೀ? ಮಸ್ಸೊಪ್ಪಿನ ದಿನ ಮಾತ್ರ."

ಒಂದಿಬ್ಬರು ನಕ್ಕರು. ತಾಯಿಯ ಪಾದದ ಹತ್ತಿರ ಕೂತಿದ್ದ ಮೇಘನ ತಲೆಯೆತ್ತಿದಾಗ ನಗು ನಿಂತಿತು. ಆಸ್ಪತ್ರೆಯಲ್ಲಿ ಅಷ್ಟು ದಿನ ಎಚ್ಚರವಿದ್ದ ಅವಳ ಕಣ್ಣು ಒಣಗಿ ಕೆಂಪಾಗಿತ್ತು. ಮುಳಬಾಗಿಲಿನ ಗಂಡನ ಮನೆಯಿಂದ ಅವಳು ನೇರ ಆಸ್ಪತ್ರೆಗೇ ಬಂದಿದ್ದಳು.

"ಒರೇಯ್ ಶ್ರೀಧರಾ, ಇಳಿಯೋ," ಅಂದ ವೆಂಕಟರಾಯಪ್ಪ. "ಮಾಡೋದೆಲ್ಲ ಮಾಡಿದೀಯ. ತಮ್ಮ ಅಂದ್ರೆ ಇಂಥೋನಿರಬೇಕು ಕಣ್ರಯ್ಯ."

ಶ್ರೀಧರ್ ಇಳಿಯಲಿಲ್ಲ. ನೀರೆಲ್ಲ ಹೋಗಿದ್ದರೂ ಮತ್ತೆರಡು ಸಲ ಕೋಲು ಒತ್ತಿದ.

*

ಏಪ್ರಿಲ್ ಕೊನೆಯಲ್ಲಿ ಬಂದ ಗಾಳಿಮಳೆ ಅರ್ಧ ಗಂಟೆಯದು. ಯಲ್ದೂರಿನ ಸುತ್ತ ತೋಪುಗಳಲ್ಲಿ ಮಾವು ಮೊಣಕಾಲುದ್ದ ಉದುರಿತ್ತು. ಭಾರತಮ್ಮನ ನಾಡಹೆಂಚಿನ ಮಾಡಿನ ಮೇಲೆ ಹುಣಸೆಯ ಕೊಂಬೆ ಬಿದ್ದು ನಡುಮನೆಗೆ ಆಕಾಶ ಕಂಡಿತು. ಶ್ರೀಧರನ ರೇಷ್ಮೆಹುಳುವಿನ ಮನೆಯ ತಗಡುಗಳನ್ನು ಗಾಳಿ ಎತ್ತಿಕೊಂಡು ಹೋಗಿ ಕೆರೆಯಂಗಳಕ್ಕೆ ಎಸೆದಿತ್ತು. ಒಳಗೆ ನಾಲ್ಕನೇ ಜ್ವರ ಎದ್ದು ಕೊನೆಯ ಪೊರೆ ಬಿಟ್ಟ ಹುಳ, ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟುವಂಥವು.

ಅಕ್ಕನ ಹಿತ್ತಲ ಗೋಡೆಗೆ ಹನ್ನೆರಡು ಹೊಸ ಜಿಂಕ್ ಶೀಟು ಒರಗಿದ್ದವು. ಹೆಂಚು ತೆಗೆಸಿ ಶೀಟು ಹಾಕಿಸಬೇಕೆಂದು ಎರಡು ವರ್ಷ ಕೂಡಿಟ್ಟು ತಂದವು. ತಂದ ದಿನ ಒಂದೊಂದಕ್ಕೂ ಅರಿಸಿನ ಕುಂಕುಮದ ಬೊಟ್ಟಿಟ್ಟಿದ್ದಳು.

ಅವನು ಬಾಯಿಬಿಟ್ಟು ಕೇಳುವ ಮುಂಚೆ ಅವಳೇ ಅಂದಳು: "ತಗೊಂಡೋಗೋ. ಹುಳಕ್ಕೆ ಬಾಯಿ ಇಲ್ಲ, ನನಗಾದ್ರೆ ಐತೆ."

"ನಾಲ್ಕೇ ದಿನ ಅಕ್ಕ. ಹುಳ ಹಣ್ಣಾಗಿ ಗೂಡಿಗೆ ಕೂತ ಮೇಲೆ ಬಿಚ್ಚಿಕೊಡ್ತೀನಿ. ಇಲ್ಲಾಂದ್ರೆ ಹೊಸದೇ ತಂದು ಹಾಕಿಸ್ತೀನಿ."

"ಆಯ್ತು ಹೋಗು. ಮೊದ್ಲು ಮುಚ್ಚು."

ಅಕ್ಕನ ಮಾಡಿನ ತೂತಿಗೆ ಒಂದು ಟಾರ್ಪಾಲು ಕಟ್ಟಿ ಅವನು ಶೀಟು ಹೊತ್ತುಕೊಂಡು ಹೋದ. ಹುಳುವಿನ ಮನೆಗೆ ಹೊದಿಸುವ ಆತುರದಲ್ಲಿ ಶೀಟುಗಳ ಬೊಟ್ಟಿನ ಮುಖ ಕೆಳಗಾಯಿತು. ಅಂದಿನಿಂದ ಸೊಪ್ಪು ಹಾಕಲು ಒಳಗೆ ಹೋಗಿ ತಲೆಯೆತ್ತಿದಾಗಲೆಲ್ಲ ಹನ್ನೆರಡು ಬೊಟ್ಟು ಅವನನ್ನು ನೋಡುತ್ತಿದ್ದವು.

*

ಹನ್ನೊಂದು ಗಂಟೆಗೆ, ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದಾಗ, ಬೀದಿಯಲ್ಲಿ ಟೆಂಪೊ ನಿಂತಿತು. ಹಿಂದೆ ಹೊಳೆಯುವ ಹೊಸ ಶೀಟುಗಳು. ಅಕ್ಕ ಆಸ್ಪತ್ರೆ ಸೇರಿದ ಮೇಲೆ ಶ್ರೀಧರನೇ ಶ್ರೀನಿವಾಸಪುರದ ಅಂಗಡಿಗೆ ಫೋನ್ ಮಾಡಿ ಹೇಳಿದ್ದವು. ಹೇಳಿದ್ದು ನೆನಪಿತ್ತು, ನಿಲ್ಲಿಸಲು ಹೇಳುವುದು ಮರೆತಿತ್ತು.

ಡ್ರೈವರ್ ಚಂದ್ರು ಇಳಿದವನು ತಮಟೆ ಕಂಡು ಗಾಬರಿಯಾದ. "ಅಣ್ಣ, ಯಾರು? ಅಯ್ಯೋ, ಅಕ್ಕನಾ? ಎಲ್ಲಿ ಇಳಿಸ್ಲಿ ಇದನ್ನ?"

"ಇವತ್ತು ಬೇಡ. ವಾಪಸ್ ತಗೊಂಡೋಗು."

"ಓನರ್ರು ಬೈತಾರಣ್ಣ. ಮೇ ತಿಂಗಳಲ್ಲೇ ಸ್ಟಾಕು ಬಂದಿತ್ತು, ಎರಡು ಸಲ ಫೋನ್ ಮಾಡಿದ್ರೂ ನೀವು ಬರಲಿಲ್ಲ ಅಂತ ಆಗ್ಲೇ..." ಚಂದ್ರು ಅಲ್ಲಿಗೇ ನಿಲ್ಲಿಸಿದ.

ಬಾಗಿಲಲ್ಲಿ ಮೇಘನ ತಂಬಿಗೆ ಹಿಡಿದು ನಿಂತಿದ್ದಳು. ಸೋದರಮಾವನ ಮುಖವನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು.

"ಸೂತಕದ ಮನೆಗೆ ಹೊಸ ಸಾಮಾನು ಸೇರಿಸಬಾರದು," ಅಂದ ವೆಂಕಟರಾಯಪ್ಪ. "ಮೊಳೆ ಹೊಡೆಯೋ ಹಾಗೂ ಇಲ್ಲ. ತಿಥಿ ಕಳೀಲಿ. ಹುಣಸೆಮರದ ಕೆಳಗೆ ಇಳಿಸಿ ಹೋಗಪ್ಪ."

*

ಮೊದಲ ಸಲ ಅದು ನಿಜವಾಗಿತ್ತು. ಗಾಳಿಮಳೆಯಾದ ವಾರ ತಾಲೂಕಿನಲ್ಲೆಲ್ಲ ಶೀಟಿಗೆ ಜನ ಮುಗಿಬಿದ್ದು, ಅಂಗಡಿಯಲ್ಲಿ ಒಂದೂ ಉಳಿದಿರಲಿಲ್ಲ. "ಸ್ಟಾಕ್ ಇಲ್ಲವಂತೆ ಅಕ್ಕ," ಅಂದಿದ್ದ. ಅವಳು "ಹೂಂ" ಅಂದಿದ್ದಳು.

ಆಮೇಲೆ ಅದೇ ಮಾತು ತಾನಾಗಿ ಬಾಯಿಗೆ ಬಂತು. ಗೂಡು ಬಿಡಿಸಿದ ಮೇಲೆ ಮರಿಹುಳ ಬಂದವು, ಅವು ಮುಗಿಯುವಷ್ಟರಲ್ಲಿ ಇನ್ನೊಂದು ಬೆಳೆ. ಶೀಟು ತಂದು ಹೊದಿಸುವುದು ಒಂದು ದಿನದ ಕೆಲಸ. ಆ ಒಂದು ದಿನ ಏಳು ವಾರದಲ್ಲಿ ಸಿಗಲಿಲ್ಲ. ಹುಳುವಿನ ಮನೆಯ ಗೋಡೆಯಲ್ಲಿ ಅವನು ಎರಡು ಥರ್ಮಾಮೀಟರು ತೂಗುಹಾಕಿದ್ದ. ಬೆಳಿಗ್ಗೆ ಸಂಜೆ ಉಷ್ಣಾಂಶ, ತೇವಾಂಶ ಬರೆದಿಡುತ್ತಿದ್ದ. ತೇವ ಜಾಸ್ತಿಯಾದರೆ ಸುಣ್ಣ ಚೆಲ್ಲುತ್ತಿದ್ದ. ಇಪ್ಪತ್ತು ಹೆಜ್ಜೆ ಆಚೆ ನಡುಮನೆಯಲ್ಲಿ ಅಕ್ಕ ಹಾಸಿಗೆಯನ್ನು ಯಾವ ಮೂಲೆಗೆ ಎಳೆದುಕೊಂಡು ಮಲಗುತ್ತಾಳೆಂದು ಒಮ್ಮೆಯೂ ನೋಡಿರಲಿಲ್ಲ.

ಒಂದು ಸಂಜೆ ಅವಳೇ ಕೇಳಿದ್ದಳು. "ಏನ್ಲಾ, ಬಂತಾ?"

"ಇಲ್ಲ ಅಕ್ಕ. ಇನ್ನೂ ಇಲ್ಲವಂತೆ."

ಅವಳು ಅವನನ್ನೇ ಒಂದು ಗಳಿಗೆ ನೋಡಿದಳು. "ಊಟ ಮಾಡ್ಕೊಂಡು ಹೋಗು. ಮಸ್ಸೊಪ್ಪು ಮಾಡಿದೀನಿ," ಅಂದಳು. ಅವನು ಉಂಡು ಎದ್ದು ಬಂದಿದ್ದ. ಮತ್ತೆ ಅವಳು ಕೇಳಲಿಲ್ಲ.

*

ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಣ್ಣು ಮಾಡಿ ಬಂದಾಗ ಮೂರು ಗಂಟೆ ದಾಟಿತ್ತು. ಅಕ್ಕನನ್ನು ಮಲಗಿಸಿದ್ದ ಜಾಗದಲ್ಲಿ ಆಂಜಿನಮ್ಮ ಮಣ್ಣಿನ ಹಣತೆ ಹಚ್ಚಿಟ್ಟಿದ್ದಳು. ಮೂರನೇ ದಿನದ ಹಾಲುತುಪ್ಪದವರೆಗೆ ಅದು ಆರಬಾರದು. ಜನ ಕಾಲು ತೊಳೆದು, ದೀಪ ನೋಡಿ, ಬರ್ತೀನಿ ಅನ್ನದೆ ಹೊರಟರು. ಶ್ರೀಧರ್ ಹೊಸಿಲ ಹೊರಗೇ ಉಳಿದ.

"ದೀಪ ನೋಡೋ," ಅಂದ ವೆಂಕಟರಾಯಪ್ಪ.

ಅವನು ಗೋಡೆ ನೋಡಿದ.

"ಮಾವ," ಅಂದಳು ಮೇಘನ, ದೀಪದ ಪಕ್ಕದಿಂದ. "ಆ ಡ್ರೈವರ್ ಹೇಳಿದ್ದು?"

"ನಿಜಾನೇ. ಸ್ಟಾಕ್ ಇತ್ತು. ನಾನೇ ಸುಳ್ಳು ಹೇಳಿದ್ದು."

ವೆಂಕಟರಾಯಪ್ಪ ಹೆಗಲ ಟವೆಲು ತೆಗೆದು ಮತ್ತೆ ಹಾಕಿಕೊಂಡ.

"ಫೋನ್ ಮಾಡಿದಾಗೆಲ್ಲ ಅಮ್ಮ ಹೇಳೋಳು," ಅಂದಳು ಮೇಘನ. "ನಿನ್ನ ಮಾವ ಶೀಟಿಗೋಸ್ಕರ ಅಲೀತಾ ಅವ್ನೆ, ಪಾಪ ಅಂತ."

"ಅವಳಿಗೆ ಗೊತ್ತಿತ್ತು ಕಣೇ," ಅಂದಳು ಆಂಜಿನಮ್ಮ, ನೆಲ ನೋಡುತ್ತ. "ನಮ್ಮ ಕೊಟ್ಟಿಗೆಗೆ ಶೀಟು ಬಂದಾಗ ನಾನೇ ಹೇಳ್ದೆ, ಹೋಗಿ ಅವನನ್ನ ಕೇಳು ಅಂತ. ಅದಕ್ಕೆ ಅವಳು, ಅವನು ಇಲ್ಲ ಅಂದ್ಮೇಲೆ ಇಲ್ಲ ಕಣೇ ಆಂಜಿನಿ, ನಾನು ಕೇಳಿ ಅವನು ತಲೆ ತಗ್ಗಿಸಿದ್ರೆ ಆ ಮುಖ ನಾನು ನೋಡಕ್ಕಾಗಲ್ಲ, ಅಂದ್ಳು."

ಪಡುವಣದಲ್ಲಿ ಗುಡುಗಿತು. ಗಾಳಿ ಟಾರ್ಪಾಲನ್ನು ಒಮ್ಮೆ ಎತ್ತಿ ಬಡಿಯಿತು. ಒಂದು ಕಡೆಯ ಹಗ್ಗ ಕಿತ್ತುಬಂದು, ದೀಪದ ಕುಡಿ ಮಲಗಿ ಎದ್ದಿತು. ಮೇಘನ ಎರಡೂ ಕೈ ಅಡ್ಡ ಹಿಡಿದಳು. ಮೊದಲ ಹನಿ ಅವಳ ಮೊಣಕೈ ಮೇಲೆ ಬಿತ್ತು.

ಶ್ರೀಧರ್ ಹುಳುವಿನ ಮನೆಯ ಕಡೆ ಓಡಿದ. ಏಣಿ ಹತ್ತಿ ಸ್ಪ್ಯಾನರಿನಿಂದ ಒಂದೊಂದೇ ನಟ್ಟು ಸಡಿಲಿಸಿದ. ಕೆಳಗೆ ಹೆಂಡತಿ ಸರಳಾ ಕೂಗುತ್ತಿದ್ದಳು: "ಏನ್ ಮಾಡ್ತಿದೀರಿ? ಹುಳದ ಮೇಲೆ ನೀರು ಬೀಳತ್ತೆ ರೀ!"

"ಬೀಳ್ಲಿ."

ಶೀಟನ್ನು ತಲೆಯ ಮೇಲೆ ಹೊತ್ತು ಬಂದವನನ್ನು ವೆಂಕಟರಾಯಪ್ಪ ಬಾಗಿಲಲ್ಲಿ ತಡೆದ. "ಹೊಸದು ಬೇಡ ಅಂದೆನಲ್ಲೋ?"

"ಇದು ಹೊಸದಲ್ಲ. ಅಕ್ಕಂದೇ."

ಮುದುಕ ಪಕ್ಕಕ್ಕೆ ಸರಿದ. ಶ್ರೀಧರ್ ಹೊಸಿಲು ದಾಟಿ, ಶೀಟಿನ ಒಂದು ತುದಿಯನ್ನು ಗೋಡೆಯ ಎತ್ತರದ ಗೂಡಿಗೆ ಆನಿಸಿ, ಇನ್ನೊಂದನ್ನು ತಲೆಯ ಮೇಲೆ ಹೊತ್ತು ನಿಂತ. ಮಳೆ ಟಾರ್ಪಾಲನ್ನು ದಾಟಿ ತಗಡಿನ ಮೇಲೆ ಬಡಿಯತೊಡಗಿತು. ನೀರು ಅವನ ಬೆನ್ನ ಮೇಲೆ ಇಳಿದು ಕಾಲಬುಡದಲ್ಲಿ ಹರಿಯಿತು. ಹೊರಗೆ ಹುಣಸೆಮರದ ಕೆಳಗೆ ಹೊಸ ಶೀಟುಗಳೂ ಸದ್ದು ಮಾಡುತ್ತಿದ್ದವು.

ಮೇಘನ ಅವನ ಮುಖ ನೋಡಲಿಲ್ಲ. ಕೈ ತೆಗೆದು, ಹಣತೆಗೆ ಎಣ್ಣೆ ಹಾಕಿ, ಬತ್ತಿಯನ್ನು ಬೆರಳಿನಿಂದ ಒಂದಿಷ್ಟು ಮುಂದಕ್ಕೆ ಸರಿಸಿದಳು. ಕುಡಿ ನೆಟ್ಟಗಾಯಿತು. ಅದರ ಬೆಳಕು ಮೇಲಕ್ಕೆ ಹೋಗಿ, ಶೀಟಿನ ಅಡಿಯಲ್ಲಿದ್ದ ಕುಂಕುಮದ ಬೊಟ್ಟಿನ ಮೇಲೆ ನಿಂತಿತು.