ಟೈಲರನ ಎಡಗಾಲು

“ಇದು ಒಳಗೊಳಗೇ ಇನ್ನೂ ಬೆಳೀತಾ ಇರುತ್ತಾ?”

ಒದ್ದೆ ಬಟ್ಟೆಯಿಂದ ಸತ್ತ ಗಂಡನ ಎಡಗಾಲನ್ನು ಒರೆಸುತ್ತಿದ್ದವಳು ಮೊಣಕಾಲ ಕೆಳಗೆ ಕೈ ನಿಲ್ಲಿಸಿ ಕೇಳಿದಳು. ಯಾರನ್ನೂ ಕೇಳಿದ್ದಲ್ಲ.

“ಯಾರ ಜೊತೆ ಮಾತು ಅತ್ತಿಗೆ?” ಎಂದಳು ನಾದಿನಿ, ಬೋಗುಣಿಯ ನೀರು ಬದಲಿಸುತ್ತ.

ಹೊರಗಿನ ಬೆಂಚಿನ ಮೇಲೆ ಪಕ್ಕದಂಗಡಿಯ ಕ್ಷೌರಿಕ ಕಣ್ಣೊರೆಸಿಕೊಳ್ಳುತ್ತಲೇ ಹೇಳುತ್ತಿದ್ದ: “ನಮ್ಮ ಟೈಲರು ಜನ್ಮದಲ್ಲಿ ಹೇಳಿದ ದಿನ ಬಟ್ಟೆ ಕೊಟ್ಟೋನಲ್ಲ. ನಾಳೆ ಬಾ, ನಾಳೆ ಬಾ. ಇದೊಂದಕ್ಕೆ ಮಾತ್ರ ಅವಸರ ಬಿದ್ದ ನೋಡಿ.”

ಅಳುತ್ತಿದ್ದವರೂ ನಕ್ಕರು. ಒಳಗಿದ್ದವಳು ನಗಲಿಲ್ಲ. ಈ ಕಾಲಿನ ಮೂಳೆ ತೆಗೆಸದೆ ಮಣ್ಣಿಗೆ ಕಳಿಸುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟಿದ್ದಳು. ಹೆಣ ಹೊರಡಲು ಇನ್ನು ಹೆಚ್ಚು ಹೊತ್ತಿರಲಿಲ್ಲ.

*

ಲಾರಿ ಹರಿದು ಮೂಳೆ ಪುಡಿಯಾದಾಗ ಕಾಲು ಕತ್ತರಿಸಬೇಕೆಂದಿದ್ದರು. ಬೇರೆ ದಾರಿ ಹೇಳಿದ್ದು ಡಾಕ್ಟರಮ್ಮ. ಮೂಳೆಯಿಲ್ಲದ ಜಾಗಕ್ಕೆ ಸ್ಪಂಜಿನಂಥ ಒಂದು ಚೌಕಟ್ಟು. ಅದರ ತೂತುಗಳಲ್ಲಿ ಕೊಬ್ಬಿನ ಹನಿಯೊಳಗೆ ಸುತ್ತಿಟ್ಟ, ಮೂಳೆ ಕಟ್ಟುವ ಸೂಚನೆ ಬರೆದ ಜೀನು.

“ಇದನ್ನ ಒಳಗೆ ಒಯ್ಯೋಕೆ ವೈರಸ್ಸು ಗಿರಸ್ಸು ಏನಿಲ್ಲ, ಹೆದರಬೇಡಿ. ನಿಮ್ಮ ಜೀವಕೋಶಗಳೇ ಅದನ್ನ ಓದ್ಕೊಂಡು ಮೂಳೆ ಕಟ್ತವೆ. ಆಮೇಲೆ ಸ್ಪಂಜೂ ಕರಗುತ್ತೆ, ಜೀನೂ ಸುಮ್ಮನಾಗುತ್ತೆ.”

“ಅಂದ್ರೆ ಕಚ್ಚಾ ಹೊಲಿಗೆ,” ಎಂದಿದ್ದ ಟೈಲರು. “ಗಟ್ಟಿ ಹೊಲಿಗೆ ಬಿದ್ಮೇಲೆ ಕಿತ್ತು ಬಿಸಾಕೋದು.”

ಮೂಳೆ ಬಂತು. ಮತ್ತೆ ಮಿಷನ್ನು ತುಳಿದ, ಬೀದಿಗೆಲ್ಲ ಹೊಲಿದುಕೊಟ್ಟ. ಆದರೆ ನಿದ್ದೆಯಲ್ಲೂ ಆ ಕಾಲು ಹಾಸಿಗೆಯ ತುದಿಯನ್ನು ತುಳಿಯುತ್ತಿತ್ತು. ಬಲಗಾಲು ತೆಪ್ಪಗೆ ಮಲಗಿರುತ್ತಿತ್ತು.

“ಯಾರೋ ಬರೆದುಕೊಟ್ಟಿದ್ದನ್ನ ಓದ್ಕೊಂಡು ಬೆಳೆದದ್ದು ಕಣೇ ಇದು. ನನ್ನ ಮಾತು ಕೇಳುತ್ತಾ? ನಾನು ಹೋದ್ಮೇಲೂ ನಿಲ್ಲಲ್ಲ, ಮಣ್ಣೊಳಗೆ ಬೇರಿನ ಹಾಗೆ ಹರಡ್ತಾ ಹೋಗುತ್ತೆ. ತೆಗೆಸಿಬಿಡು.”

ಹ್ಞೂಂ ಎಂದಿದ್ದಳು. ಬೆನ್ನು ಸವರಿ ಮಲಗಿಸಲು ಆಡಿದ ಮಾತು ಅದು. ಆದರೂ ಕೊಟ್ಟ ಮಾತು ಮಾತೇ.

*

ಅದೇ ಡಾಕ್ಟರಮ್ಮ ಹೂವು ಹಿಡಿದು ಬಂದರು. ತಲೆ ಪೂರ್ತಿ ನರೆತಿತ್ತು. ನಾದಿನಿ ಕಿವಿಯಲ್ಲಿ ಉಸುರಿದಳು: “ಪರೀಕ್ಷೆಗೆ ಮೂಳೆ ಕೇಳೋಕೇ ಬಂದಿರೋದು. ಕೊಡಬೇಡಿ ಅತ್ತಿಗೆ.”

ಟೈಲರನ ಹೆಂಡತಿ ಬಾಗಿಲು ಮುಂದೆ ಮಾಡಿದಳು. “ಅಮ್ಮಾ, ನೀವಿಟ್ಟದ್ದನ್ನ ನೀವೇ ತಗೊಂಡು ಹೋಗಿ. ಇದನ್ನ ಹೊತ್ಕೊಂಡು ಹೋದ್ರೆ ಅವರಿಗೆ ಅಲ್ಲೂ ನಿದ್ದೆ ಇಲ್ಲ. ನಿಮ್ಮ ದಮ್ಮಯ್ಯ.”

ನಾದಿನಿ ಬೆಪ್ಪಾಗಿ ನಿಂತಳು.

ಡಾಕ್ಟರಮ್ಮ ಮಂಚದ ಪಕ್ಕ ಮಂಡಿಯೂರಿದರು. ಮೊಣಕಾಲಿನಿಂದ ಪಾದದವರೆಗೆ, ಜಪಮಣಿ ಎಣಿಸುವವರ ಹಾಗೆ, ಎಲುಬಿನ ಮೇಲೆ ಹೆಬ್ಬೆರಳು ಸರಿಸಿದರು. ಮತ್ತೆ ಮೇಲಕ್ಕೆ. ಮತ್ತೆ ಕೆಳಕ್ಕೆ, ಈ ಸಲ ಕಣ್ಣು ಮುಚ್ಚಿ.

“ಎಲ್ಲಿಂದ ಎಲ್ಲೀವರೆಗೆ ಇಟ್ಟಿದ್ದೆ ಅಂತ ನನ್ನ ಕೈಗೇ ಸಿಗ್ತಿಲ್ಲಮ್ಮ. ಇಲ್ಲಿರೋದೆಲ್ಲ ಅವರದೇ.”

ಹೊರಗೆ ಯಾರೋ ಹೊತ್ತಾಯಿತೆಂದು ಕೂಗಿದರು.

“ಹಾಗನ್ನಬೇಡಿ. ಈಗಲಾದ್ರೂ ತೆಗೀರಿ.”

ಡಾಕ್ಟರಮ್ಮ ಎರಡೂ ಪಾದಗಳನ್ನು ಜೋಡಿಸಿ, ಮೇಲೆ ಹೊದಿಕೆ ಎಳೆದರು.

“ತೆಗೆಯಲ್ಲ.”