ನಮ್ಮೂರಿನ ಹೆಸರಿದ್ದ ಟ್ರಕ್ಕು

ಬಿದ್ದ ಆಲಿಕಲ್ಲು ಕರಗುವ ಮೊದಲೇ ಟೆಕ್ಸಸ್‌ನ ಟರ್ಲಿ ವೆಲ್ಸ್ ಎಂಬ ನಮ್ಮೂರಿಗೆ ಮನೆಯ ಸೂರು, ಮಾಡು ರಿಪೇರಿಯವರು ಬಂದು ಬಿದ್ದರು. ಎಲ್ಲಿಂದ ಬಂದರೋ, ಯಾರು ಕರೆದರೋ! ಬೀದಿಗೊಂದು ಹೊಚ್ಚ ಹೊಸ ಪಿಕಪ್ ಟ್ರಕ್ಕು, ಅದರ ಮೇಲೊಂದು ಏಣಿ, ಒಳಗೊಬ್ಬ ಹಲ್ಲು ಕಿರಿಯುವ ಗಂಡಸು. ಎಲ್ಲರ ಬಾಯಲ್ಲೂ ಒಂದೇ ಪಾಠ. ಅಯ್ಯೋ ಮ್ಯಾಮ್, ನಿಮ್ಮ ಮಾಡು ಪೂರ್ತಿ ಹೋಗಿದೆ, ರಸ್ತೆಯಿಂದಲೇ ಕಾಣಿಸ್ತಿದೆ, ಒಂದು ಸಲ ಹತ್ತಿ ನೋಡಲಾ, ಪುಕ್ಕಟೆ! ಹತ್ತಲು ಬಿಟ್ಟರೆ ಕಥೆ ಮುಗಿಯಿತು. ಆಲಿಕಲ್ಲು ಮಾಡದ ಗಾಯವನ್ನು ಜೇಬಿನಲ್ಲಿರುವ ಸುತ್ತಿಗೆ ಮಾಡುತ್ತದೆ. ಆಮೇಲೆ ಇಳಿದು ಬಂದು ಅದರ ಫೋಟೋ ತೋರಿಸಿ ಸತ್ತವರ ಮನೆಗೆ ಬಂದಂತೆ ಮುಖ ಮಾಡುತ್ತಾರೆ, ಪಾಪಿಷ್ಠರು.

ವರ್ಲೀನ್ ಟ್ಯಾಕೆಟ್ ಹತ್ತಿರ ಈ ಆಟ ನಡೆಯಲಿಲ್ಲ. ಅವಳು ಮನೆಯ ಮುಂಜಗಲಿಗೆ ಗಾಜು ಹಾಕಿಸಿ ಹೆಂಗಸರ ಪಾರ್ಲರ್ ಮಾಡಿಕೊಂಡಿದ್ದಳು. ಅಲ್ಲಿ ಕೂತು ಕತ್ತರಿ ಆಡಿಸುತ್ತಲೇ ಬೀದಿಯನ್ನೆಲ್ಲ ಕಾಯುತ್ತಿದ್ದಳು. ಯಾರು ಬಂದರೂ ಮೊದಲು ನೋಡುವುದು ಟ್ರಕ್ಕಿನ ನಂಬರ್ ಪ್ಲೇಟು. ಅದು ಟೆಕ್ಸಸ್‌ನದ್ದಲ್ಲ ಅಂದರೆ ಮುಖ ನೋಡುವ ಅಗತ್ಯವೇ ಇಲ್ಲ.

"ಆ ಏಣಿ ನನ್ನ ಗೋಡೆಗೆ ತಾಗಿತೋ, ಇಳಿಯೋಕೆ ನಿಂಗೆ ಕಾಲಿರಲ್ಲ, ನೋಡ್ಕೋ!" ಎಂದು ಬಾಗಿಲಲ್ಲೇ ನಿಂತು ಕೂಗುತ್ತಿದ್ದಳು. ಅವರು ಜಾಗ ಖಾಲಿ ಮಾಡುತ್ತಿದ್ದರು. ಒಳಗೆ ಕೂದಲು ಒಣಗಿಸುವ ಡ್ರೈಯರ್ ಕೆಳಗೆ ಕೂತ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

ಮೋಸ ಮಾಡುವವರನ್ನು ಬೈದಷ್ಟಕ್ಕೇ ಅವಳ ನಾಲಿಗೆಯ ತುರಿಕೆ ನಿಲ್ಲುತ್ತಿರಲಿಲ್ಲ. ಮೋಸ ಹೋದವರನ್ನು ಕಂಡರೆ ಅವಳಿಗೆ ಇನ್ನೂ ಅಸಡ್ಡೆ. ಪಕ್ಕದ ಬೀದಿಯ ನೆಲ್ಡಾ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ಸಾಧು ಹೆಂಗಸು. ಹಿಂದೊಮ್ಮೆ ಯಾವನೋ ಬಂದು, ಮನೆ ಮುಂದಿನ ಕಾರಿನ ದಾರಿಗೆ ಡಾಂಬರು ಬಳಿಯುತ್ತೇನೆಂದು ಹಣ ತೆಗೆದುಕೊಂಡು, ಕಪ್ಪಗಿನ ಹಳೇ ಎಂಜಿನ್ ಎಣ್ಣೆ ಬಳಿದು ಹೋಗಿದ್ದ. ಮೊದಲ ಮಳೆಗೇ ಅದು ತೊಳೆದು ಚರಂಡಿ ಸೇರಿತು. ಈ ಕಥೆಯನ್ನು ವರ್ಲೀನ್ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಹೊಸ ಗಿರಾಕಿ ಬಂದರೆ ಹೊಸದಾಗಿ ಹೇಳುವಳು. ನೆಲ್ಡಾ ಕುರ್ಚಿಯಲ್ಲೇ ಕೂತಿದ್ದರೂ ಹೇಳುವಳು. "ನಮ್ಮ ನೆಲ್ಡಾ ಮನೆ ಮುಂದೆ ಕಾರು ನಿಲ್ಲಿಸಿದ್ರೆ ಸಾಕು, ಎಂಜಿನ್ನಿಗೆ ಬೇರೆ ಎಣ್ಣೆ ಬೇಡ ಕಣ್ರೇ" ಎನ್ನುವಳು. ನೆಲ್ಡಾ ಕೂಡ ನಗುತ್ತಿದ್ದಳು, ನಗದೆ ಇನ್ನೇನು ಮಾಡಿಯಾಳು? ಆವತ್ತಿನಿಂದ ಅವಳಿಗೆ ತನ್ನ ತಲೆಯ ಮೇಲೆ ತನಗೇ ನಂಬಿಕೆ ಹೋಯಿತು. ಬಾಗಿಲು ತಟ್ಟಿದವನಿಗೆ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ, ಎಲ್ಲಕ್ಕೂ ವರ್ಲೀನ್‌ಳನ್ನೇ ಕೇಳುತ್ತಿದ್ದಳು. ವರ್ಲೀನ್‌ಗೂ ಅದು ಒಳಗೊಳಗೇ ಹಿತವಾಗಿತ್ತು.

ಹೀಗಿದ್ದಾಗ ರಾಯ್ಸ್ ಡನಗನ್‌ನ ಟ್ರಕ್ಕು ಬಂದು ನಿಂತಿತು.

ರಾಯ್ಸ್ ಯಾರು ಎಂದು ಈ ಊರಿನಲ್ಲಿ ಯಾರೂ ಕೇಳುವುದಿಲ್ಲ. ಹೈಸ್ಕೂಲಿನ ಫುಟ್‌ಬಾಲ್ ತಂಡವನ್ನು ರಾಜ್ಯದ ಫೈನಲ್‌ವರೆಗೆ ಎಳೆದುಕೊಂಡು ಹೋದವನು ಅವನು. ಚರ್ಚಿನ ಮಾಡು ಕಟ್ಟಿದವನು ಅವನಪ್ಪ. ಟ್ರಕ್ಕಿನ ಬಾಗಿಲ ಮೇಲೆ "ಡನಗನ್, ಟರ್ಲಿ ವೆಲ್ಸ್" ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ವರ್ಲೀನ್‌ಗೆ ಅಷ್ಟು ಸಾಕಾಗಿತ್ತು. ಆದರೂ ತಾನು ಹುಷಾರು ಎಂದು ತೋರಿಸಿಕೊಳ್ಳಬೇಕಲ್ಲ! ಅವನು ಆಗಲೇ ಮಾಡಿ ಮುಗಿಸಿದ್ದ ಓಪಲ್ ಮನೆಯ ಬಗ್ಗೆ ವಿಚಾರಿಸಿದಳು. ಓಪಲ್ ಊರಿನ ಹಿರಿಯಾಕೆ, ಪ್ರತಿ ಗುರುವಾರ ಕೂದಲಿಗೆ ಸುರುಳಿ ಕಟ್ಟಿಸಿಕೊಳ್ಳಲು ಬರುವವಳು.

"ಹೇಗಿದೆ ಮಿಸ್ ಓಪಲ್, ಹೊಸ ಮಾಡು?"

"ಚೆನ್ನಾಗಿದೆ ಕಣಮ್ಮ" ಎಂದಳು ಓಪಲ್, ಕನ್ನಡಿಯ ಕಡೆ ನೋಡದೆ.

ಮುಗಿಯಿತು. ವರ್ಲೀನ್ ಆಲಿಕಲ್ಲಿಗೆ ಒಡೆದ ಮಾಡಿಗೆಂದು ಬಂದಿದ್ದ ವಿಮೆಯ ಚೆಕ್ಕಿನ ಬೆನ್ನಿಗೆ ಸಹಿ ಹಾಕಿ ರಾಯ್ಸ್ ಕೈಗಿಟ್ಟಳು. ಅವಳು ಒಂದು ದಿನ ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಮಾಡಿಗೆಲ್ಲ ಹೊಸ ಡಾಂಬರು ಹಾಳೆ ಹೊದಿಸಿಯಾಗಿತ್ತು. ನೋಡಲು ಲಕ್ಷಣವಾಗಿತ್ತು. ನೆಲ್ಡಾ ಬಂದು ಕೇಳಿದಾಗ, "ಕಣ್ಣು ಮುಚ್ಕೊಂಡು ಕೊಡೇ, ರಾಯ್ಸ್ ನಮ್ಮ ಹುಡುಗ" ಎಂದಳು. ಕಣ್ಣು ಮುಚ್ಚಿಕೊಳ್ಳಬಾರದೆಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು!

ಆಮೇಲಿನ ಒಂದು ಬುಧವಾರ ರಾತ್ರಿ ಜೋರು ಮಳೆ ಬಂತು. ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ವರ್ಲೀನ್‌ಳ ಹಾಸಿಗೆ ಒದ್ದೆ, ಮೇಲೆ ಚಾವಣಿ ಹೊಟ್ಟೆ ಬಿಟ್ಟುಕೊಂಡು ನಿಂತಿದೆ. ಅಟ್ಟ ಹತ್ತಿ ಬ್ಯಾಟರಿ ಹಾಕಿದಳು. ಹೊಗೆ ಹೋಗುವ ಚಿಮಣಿಯ ಬುಡದಲ್ಲಿ ನೀರಿಳಿಯದಂತೆ ಸುತ್ತಲೂ ತಗಡು ಬಡಿದಿರಬೇಕಿತ್ತು. ತಗಡಿಲ್ಲ, ಏನಿಲ್ಲ, ಬೆಳಗಿನ ಆಕಾಶ ಕಾಣಿಸುತ್ತಿದೆ. ಕೊಳೆತ ಹಲಗೆಗಳನ್ನು ಹಾಗೇ ಬಿಟ್ಟು ಅದರ ಮೇಲೇ ಹಾಳೆ ಬಡಿದಿದ್ದಾರೆ. ಅವಳು ಕೆಳಗೆ ಬಕೆಟ್ ಇಟ್ಟು, ಕೋಟು ಹಾಕಿಕೊಂಡು ನೇರ ಕೆಫೆಗೆ ಹೋದಳು. ರಾಯ್ಸ್ ಬೆಳಗಿನ ಹೊತ್ತು ಅಲ್ಲೇ ಇರುತ್ತಾನೆ.

ಅವನು ಮೆತ್ತಗಿನ ಬನ್ನಿನಂಥ ಬಿಸ್ಕತ್ತಿನ ಮೇಲೆ ಗ್ರೇವಿ ಸುರಿದುಕೊಂಡು ಮೂಲೆಯಲ್ಲಿ ಕೂತಿದ್ದ. ಎದ್ದು ಟೋಪಿ ತೆಗೆದ, ಮರ್ಯಾದೆಗೇನೂ ಕಮ್ಮಿಯಿಲ್ಲ.

"ನನ್ನ ಮನೆ ಜರಡಿ ಆಗಿದೆ ಕಣೋ ರಾಯ್ಸ್! ಚಿಮಣಿಗೆ ತಗಡು ಯಾರು ಹೊಡೀತಾರೆ, ನಿಮ್ಮಪ್ಪ ಗೋರಿಯಿಂದ ಎದ್ದು ಬರಬೇಕಾ?"

"ಮೆಲ್ಲಗೆ, ಮಿಸ್ ವರ್ಲೀನ್. ಕೂತ್ಕೊಳ್ಳಿ. ಕೆಲಸ ಮಾಡಿದ್ದು ನಾನಲ್ಲ."

"ನೀನಲ್ದೆ ಯಾರು?"

"ಕಂಪನಿಯವರು. ಬೇರೆ ರಾಜ್ಯದವರು. ಅವರಿಗೆ ಊರಲ್ಲಿ ಒಂದು ಹೆಸರು ಬೇಕಿತ್ತು, ನಾನು ಕೊಟ್ಟೆ. ಟ್ರಕ್ಕಿನ ಬಾಗಿಲು ನನ್ನದು, ಮಿಕ್ಕಿದ್ದೆಲ್ಲ ಅವರದು."

"ಥೂ! ಹೆಸರು ಬಾಡಿಗೆಗೆ ಕೊಟ್ಯಾ?"

"ನೀವು ಟ್ರಕ್ ಯಾರದು ಅಂತ ನೋಡಿದ್ರಿ. ಏಣಿ ಹತ್ತೋನು ಯಾರು ಅಂತ ಕೇಳಲೇ ಇಲ್ಲ." ಅವನು ಬಿಸ್ಕತ್ತು ಮುರಿದ. "ಅವರೀಗ ಕ್ಯಾನ್ಸಸ್‌ನಲ್ಲಿದ್ದಾರೆ. ಅಲ್ಲೂ ಆಲಿಕಲ್ಲು ಬಿದ್ದಿದೆ. ನೆಲ್ಡಾ ಇವತ್ತು ಚೆಕ್ ಕೊಟ್ರೆ ಮತ್ತೆ ಈ ಕಡೆ ಬರ್ತಾರೆ."

"ನಾನು ಬಿಡ್ತೀನಾ? ಊರಿಗೆಲ್ಲ ಸಾರ್ತೀನಿ!"

ರಾಯ್ಸ್ ಅವಳ ಮುಖವನ್ನೇ ನೋಡಿದ. ಆಮೇಲೆ ಸಣ್ಣಗೆ ನಕ್ಕ.

"ಏನಂತ ಸಾರ್ತೀರಿ? ವರ್ಲೀನ್ ಟ್ಯಾಕೆಟ್ ಟೋಪಿ ಹಾಕಿಸ್ಕೊಂಡ್ಲು ಅಂತಲಾ? ಸಾರ್ಕೊಳ್ಳಿ, ಯಾರು ಬೇಡ ಅಂದ್ರು. ಇಷ್ಟು ಮನೆ ಆಗಿದೆ, ಬೇರೆ ಒಬ್ಬರೂ ಒಂದು ಮಾತು ಆಡಿಲ್ಲ. ಯಾರನ್ನ ಬೇಕಾದ್ರೂ ಕೇಳಿ." ಅವನು ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡ. "ನೋಡಿ, ನಿಮ್ಮ ಚಿಮಣಿ ನಾನೇ ಬಂದು ಸರಿ ಮಾಡ್ತೀನಿ. ಯಾರಿಗೂ ಗೊತ್ತಾಗೋದು ಬೇಡ. ಆಯ್ತಾ?"

ಅವಳು ಆಯ್ತು ಅನ್ನಲಿಲ್ಲ. ಆದರೆ ಆಗಲ್ಲ ಅಂತಲೂ ಅನ್ನಲಿಲ್ಲ. ಮನೆಗೆ ನಡೆದು ಬರುವಾಗ ಅವನನ್ನು ಶಪಿಸಿದಳು, ಅವನಪ್ಪನನ್ನು ಶಪಿಸಿದಳು, ಆ ದರಿದ್ರ ಫೈನಲ್ ಪಂದ್ಯವನ್ನು ಶಪಿಸಿದಳು. ಶಾಪವೆಲ್ಲ ಮುಗಿದ ಮೇಲೂ ಉಳಿದಿದ್ದು ಒಂದೇ: ಬೇರೆ ಒಬ್ಬರೂ ಮಾತಾಡಿಲ್ಲವಂತೆ. ಹಾಗಾದರೆ ಊರಿಗೆಲ್ಲ ಬೆಪ್ಪಿ ತಾನೊಬ್ಬಳೇ.

ಪಾರ್ಲರ್ ತೆರೆದಾಗ ಓಪಲ್ ಬಂದು ಡ್ರೈಯರ್ ಕೆಳಗೆ ಕೂತಳು. ಪಾದ್ರಿಯ ಹೆಂಡತಿ ಮಾರ್ವಾ ಹೊಲಿಗೆ ಹಿಡಿದು ತನ್ನ ಸರದಿ ಕಾಯುತ್ತಿದ್ದಳು. ಕುರ್ಚಿಯಲ್ಲಿ ನೆಲ್ಡಾ. ಮಡಿಲಲ್ಲಿ ಕೈಚೀಲ, ಕೈಚೀಲದಲ್ಲಿ ವಿಮೆಯ ಚೆಕ್.

"ಚೆನ್ನಾಗಿ ಮಾಡೇ ಇವತ್ತು" ಎಂದಳು ನೆಲ್ಡಾ. "ಇಲ್ಲಿಂದ ಸೀದಾ ಕೆಫೆಗೆ ಹೋಗಿ ರಾಯ್ಸ್‌ಗೆ ಚೆಕ್ ಕೊಡಬೇಕು. ಕೊಡಬಹುದು ತಾನೇ? ಇನ್ನೊಂದು ಸಲ ಹೇಳಿಬಿಡು. ನಿಂಗೊತ್ತಲ್ಲ ನನ್ನ ಹಣೆಬರಹ."

ವರ್ಲೀನ್ ಬಾಚಣಿಗೆ ಆಡಿಸಿದಳು. ಹೂಂ ಎಂದರೆ ಸಾಕು, ಬೇರೇನೂ ಬೇಡ. ತನ್ನ ಚಿಮಣಿ ಸದ್ದಿಲ್ಲದೆ ಸರಿಹೋಗುತ್ತದೆ. ಈ ಹೆಂಗಸಿನ ಮಾಡು ಸೋರಿದಾಗ, ಅಯ್ಯೋ ನೆಲ್ಡಾ, ಮತ್ತೆ ನೀನೇನಾ ಎಂದು ನಕ್ಕುಬಿಟ್ಟರೆ ಊರೂ ನಗುತ್ತದೆ. ಅಷ್ಟು ಸಲೀಸು. ಕನ್ನಡಿಯಲ್ಲಿ ನೆಲ್ಡಾಳ ಮುಖ ವರ್ಲೀನ್‌ಳ ಬಾಯನ್ನೇ ನೋಡುತ್ತಿತ್ತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಗುವಿನ ಮುಖ. ಈ ಹೆಂಗಸನ್ನು ಹೀಗೆ ಮಾಡಿಟ್ಟವಳು ತಾನೇ ಎಂದು ವರ್ಲೀನ್‌ಗೆ ಆಗ ಹೊಳೆಯಿತು.

"ಕೊಡಬೇಡ" ಎಂದಳು.

"ಹಾಂ?"

"ಕೊಡಬೇಡ ಅಂದೆ. ಕಿವುಡಾ?"

"ಕೊಡು ಅಂದವಳೂ ನೀನೇ, ಕೊಡಬೇಡ ಅನ್ನೋಳೂ ನೀನೇ! ಇದೇನೇ ಇದು? ರಾಯ್ಸ್ ನಮ್ಮ ಹುಡುಗ ಅಂದ್ಯಲ್ಲ?"

"ಅವನು ಹಡಬೆ ನನ್ಮಗ."

ಮಾರ್ವಾಳ ಸೂಜಿ ನಿಂತಿತು. ಪಾದ್ರಿಯ ಹೆಂಡತಿಯ ಎದುರು ಆಡುವ ಮಾತೇ ಅದು! ನೆಲ್ಡಾ ಕುರ್ಚಿಯನ್ನು ತಿರುಗಿಸಿ ಕೂತಳು. ಒದ್ದೆ ಕೂದಲು ಕಿವಿಗಂಟಿತ್ತು, ಆದರೂ ದನಿ ಗಟ್ಟಿಯಾಗಿತ್ತು.

"ನೀನು ಎಲ್ಲರನ್ನೂ ಬೈತೀಯ ವರ್ಲೀನ್. ಇವತ್ತು ಅವನ ಸರದಿ, ಅಷ್ಟೇ. ಏನು ಕಾರಣ ಅಂತ ಹೇಳು. ಇಲ್ದಿದ್ರೆ ನಾನು ಹೋಗಿ ಕೊಡ್ತೀನಿ."

"ಕಾರಣ ಬೇಕಾ? ಬಾ."

ಅವಳು ನೆಲ್ಡಾಳ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಮಾರ್ವಾ ಹಿಂದೆ ಬಂದಳು. ಓಪಲ್ ತಲೆ ತುಂಬ ಸುರುಳಿ ಹೊತ್ತು, ಗೋಡೆ ಹಿಡಿದುಕೊಂಡು ನಿಧಾನ ಬಂದಳು. ಮಲಗುವ ಕೋಣೆಯಲ್ಲಿ ಚಾವಣಿಯಿಂದ ಟಪ್ ಟಪ್ ಎಂದು ಬಕೆಟ್ಟಿಗೆ ನೀರು ಬೀಳುತ್ತಿತ್ತು. ಹಾಸಿಗೆಯ ಮೇಲೆ ಸುಣ್ಣದ ಚಕ್ಕೆ ಉದುರಿತ್ತು.

"ನೋಡ್ರಿ, ಕಣ್ತುಂಬ ನೋಡ್ರಿ. ಹೆಸರು ಮಾತ್ರ ಅವನದಂತೆ, ಕೆಲಸ ಯಾವನ್ದೋ. ಅವರು ಕ್ಯಾನ್ಸಸ್‌ಗೆ ಓಡಿದ್ದಾರೆ. ವರ್ಲೀನ್ ಟೋಪಿ ಹಾಕಿಸ್ಕೊಂಡ್ಲು. ಈಗ ನಗ್ರಿ. ನಗ್ರೇ! ನಾನಾಗಿದ್ರೆ ನಗ್ತಿದ್ದೆ."

ಯಾರೂ ನಗಲಿಲ್ಲ. ನೆಲ್ಡಾ ಕೈಚೀಲವನ್ನು ಎದೆಗೆ ಅವುಚಿಕೊಂಡಳು. ಇನ್ನು ಆ ಚೆಕ್ ಎಲ್ಲಿಗೂ ಹೋಗುವಂತಿರಲಿಲ್ಲ. ಮಾರ್ವಾ ಚಾವಣಿ ನೋಡುತ್ತಾ ನಿಂತವಳು ಮೆಲ್ಲಗೆ ಬಾಯಿ ತೆರೆದಳು.

"ನಮ್ಮನೇಲೂ ಹೀಗೇನೇ. ಊಟದ ಮನೆ. ಮೇಜು ಪಕ್ಕಕ್ಕೆ ತಳ್ಳಿ ಊಟ ಮಾಡ್ತಿದ್ದೀವಿ."

"ಅವನ ಹತ್ರಾನೇ ಮಾಡ್ಸಿದ್ದಾ?"

ಮಾರ್ವಾ ಹೌದೆಂದು ತಲೆಯಾಡಿಸಿದಳು. ವರ್ಲೀನ್ ತಟ್ಟನೆ ಓಪಲ್ ಕಡೆ ತಿರುಗಿದಳು.

"ನಿಮ್ಮದು, ಮಿಸ್ ಓಪಲ್?"

"ಮೊದಲ ಮಳೆಯಿಂದ್ಲೂ ಸೋರ್ತಿದೆ ಕಣಮ್ಮ."

ವರ್ಲೀನ್‌ಳ ದನಿ ಏರಿತು. "ನಾನು ಕೇಳಿದ್ನಲ್ಲ! ನಿಮ್ಮನ್ನೇ ಕೇಳಿದ್ನಲ್ಲ, ಆ ಕುರ್ಚೀಲೇ ಕೂತಿದ್ರಿ! ಚೆನ್ನಾಗಿದೆ ಅಂದ್ರಿ! ನಿಮ್ಮ ಮಾತು ನಂಬಿ ನಾನು ಚೆಕ್ ಕೊಟ್ಟೆ, ನನ್ನ ಮಾತು ನಂಬಿ ಇವಳು ಕೊಡೋಕೆ ಹೊರಟಿದ್ಲು. ಒಂದು ಮಾತು ಅಂದಿದ್ರೆ ಆ ಕಳ್ಳ ನನ್ನ ಹೊಸ್ತಿಲು ದಾಟ್ತಿದ್ನಾ? ಯಾಕೆ ಬಾಯಿ ಬಿಡಲಿಲ್ಲ ನೀವು?"

ಓಪಲ್ ಒದ್ದೆ ಹಾಸಿಗೆಯ ಅಂಚಿನಲ್ಲಿ ಕೂತು ಉಸಿರು ತೆಗೆದುಕೊಂಡಳು. ಆಮೇಲೆ ತಲೆಯೆತ್ತಿ ಅವಳನ್ನೇ ನೋಡಿದಳು. ಸಿಟ್ಟೇನೂ ಇರಲಿಲ್ಲ.

"ಪಕ್ಕದ ಕುರ್ಚೀಲಿ ನೆಲ್ಡಾ ಕೂತಿದ್ಲು ಕಣೇ ಆವತ್ತು. ನೀನು ಅವಳ ಎಂಜಿನ್ ಎಣ್ಣೆ ಕಥೆ ಹೇಳ್ತಿದ್ದೆ. ಮಾಡು ಸೋರಿದ್ರೆ ಬಕೆಟ್ ಇಟ್ಕೋಬಹುದು ವರ್ಲೀನ್. ನಿನ್ನ ಬಾಯಿ ಕೆಳಗೆ ಏನಿಟ್ಕೊಳ್ಳಿ ನಾನು?"